ಸೋತ ವೀರ, ಗೆದ್ದ ಕರುಣೆ

ಮಕ್ಕಳು ಸಾವಿರ ಪುಟದ ಇಂಗ್ಲಿಷ್ ಕಾದಂಬರಿ ಹಿಡಿದು ಕುಳಿತಾಗ ತಂದೆತಾಯಂದಿರಾದ ನಮಗೆ ಸಂತೋಷವೂ ಆಗುತ್ತದೆ, ಸಣ್ಣದೊಂದು ಆತಂಕವೂ ಆಗುತ್ತದೆ. ಓದುತ್ತಿದ್ದಾರಲ್ಲ ಎಂಬ ಸಂತೋಷ. ಓದುತ್ತಿರುವುದು ಮಾಯದ ಉಂಗುರ, ಮಾಂತ್ರಿಕ, ರಾಕ್ಷಸರ ಕಥೆಯಲ್ಲವೇ ಎಂಬ ಆತಂಕ. ನಮ್ಮ ವಿಶ್ರಾಮಬಾಗದಂಥ ಊರಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರಿಕೊಳ್ಳುತ್ತದೆ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಶಾಲೆಯಲ್ಲಿ ಇಂಗ್ಲಿಷ್ ಎಂದು ಬೆಳೆಯುವ ಮಕ್ಕಳು ಓದುವ ಪುಸ್ತಕ ಎಷ್ಟೋ ಮನೆಗಳಲ್ಲಿ ಹಿರಿಯರ ಕೈಗೆ ಎಟಕುವುದಿಲ್ಲ. ಅವರು ಗೆಳೆಯರೊಡನೆ ಗಂಟೆಗಟ್ಟಲೆ ಆ ಕಥೆಯ ಬಗ್ಗೆ ವಾದ ಮಾಡುವಾಗ ನಾವು ಹೊರಗಿನವರಾಗಿ ನಿಲ್ಲುತ್ತೇವೆ.

ಅಂಥ ಪುಸ್ತಕಗಳಲ್ಲಿ ಒಂದರ ಪರಿಚಯವನ್ನಾದರೂ ನಾವು ಮಾಡಿಕೊಳ್ಳಬೇಕು. ಅದು ‘ದಿ ಲಾರ್ಡ್ ಆಫ್ ದಿ ರಿಂಗ್ಸ್’. 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಈ ಕಥೆ 2001ರಿಂದ 2003ರವರೆಗೆ ಮೂರು ಚಲನಚಿತ್ರಗಳಾಗಿ ಜಗತ್ತನ್ನೆಲ್ಲ ಸುತ್ತಿತು. ಮೂರನೆಯ ಚಿತ್ರಕ್ಕೆ 2004ರಲ್ಲಿ 11 ಆಸ್ಕರ್ ಪ್ರಶಸ್ತಿಗಳು ಬಂದವು. ಇದನ್ನು ಬರೆದವರು ಜೆ. ಆರ್. ಆರ್. ಟೋಲ್ಕಿನ್, ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರು, ನಾಲ್ಕು ಮಕ್ಕಳ ತಂದೆ, ನಿಷ್ಠಾವಂತ ಕಥೋಲಿಕರು. ಅವರ ಹಿರಿಯ ಮಗ ಜಾನ್ ಗುರುಗಳಾದರು.

ತಾಯಿ ಕೊಟ್ಟ ವಿಶ್ವಾಸ

ಟೋಲ್ಕಿನ್ ಹುಟ್ಟಿದ್ದು 1892ರ ಜನವರಿ 3ರಂದು, ದಕ್ಷಿಣ ಆಫ್ರಿಕಾದ ಬ್ಲೂಮ್‌ಫಾಂಟೇನ್‌ನಲ್ಲಿ. ನಾಲ್ಕು ವರ್ಷದವರಿದ್ದಾಗಲೇ ತಂದೆ ತೀರಿಕೊಂಡರು. ಇಬ್ಬರು ಗಂಡುಮಕ್ಕಳೊಡನೆ ಇಂಗ್ಲೆಂಡಿನಲ್ಲಿದ್ದ ತಾಯಿ ಮೇಬಲ್ 1900ರಲ್ಲಿ ಕಥೋಲಿಕ ಧರ್ಮಸಭೆಯನ್ನು ಸೇರಿದರು. ಬಂಧುಗಳು ಮುನಿಸಿಕೊಂಡರು, ಬರುತ್ತಿದ್ದ ಹಣದ ಸಹಾಯ ನಿಂತಿತು. ವಿಧವೆ ತಾಯಿ ಬಡತನ ಸಹಿಸಿದರು, ವಿಶ್ವಾಸ ಬಿಡಲಿಲ್ಲ. ಮಗನಿಗೆ ಮೊದಲ ಲ್ಯಾಟಿನ್ ಪಾಠ ಹೇಳಿಕೊಟ್ಟವರೂ ಅವರೇ. 1904ರಲ್ಲಿ, ಕೇವಲ 34ನೆಯ ವಯಸ್ಸಿನಲ್ಲಿ, ಸಕ್ಕರೆ ಕಾಯಿಲೆ ಅವರನ್ನು ಬಲಿ ತೆಗೆದುಕೊಂಡಿತು. ಇನ್ಸುಲಿನ್ ಇನ್ನೂ ಬಂದಿರದ ಕಾಲ ಅದು. ಮಗನಿಗೆ ಆಗ 12 ವರ್ಷ.

ಅನಾಥ ಹುಡುಗರನ್ನು ನೋಡಿಕೊಂಡವರು ಬರ್ಮಿಂಗ್‌ಹ್ಯಾಮ್ ಆರೇಟರಿಯ ಗುರು ಫಾದರ್ ಫ್ರಾನ್ಸಿಸ್ ಮಾರ್ಗನ್. ಸಂತ ಜಾನ್ ಹೆನ್ರಿ ನ್ಯೂಮನ್ ಸ್ಥಾಪಿಸಿದ ಮನೆ ಅದು. ತಾಯಿ ತಮ್ಮ ವಿಶ್ವಾಸಕ್ಕಾಗಿಯೇ ಪ್ರಾಣ ಕೊಟ್ಟರೆಂದು ಟೋಲ್ಕಿನ್ ಬದುಕಿನುದ್ದಕ್ಕೂ ನಂಬಿದ್ದರು.

1916ರಲ್ಲಿ ಅವರು ಮೊದಲ ಮಹಾಯುದ್ಧದ ಸೋಮ್ ರಣಭೂಮಿಯಲ್ಲಿದ್ದರು. ಶಾಲಾದಿನಗಳ ಆಪ್ತ ಗೆಳೆಯರಲ್ಲಿ ಇಬ್ಬರು ಅದೇ ವರ್ಷ ಸತ್ತರು. ಕಂದಕಗಳಲ್ಲಿ ಹಬ್ಬಿದ ಜ್ವರ ತಗುಲಿ ಟೋಲ್ಕಿನ್ ಊರಿಗೆ ಮರಳಿದರು. ಕೇಡಿನ ಮುಖ ಹೇಗಿರುತ್ತದೆಂದು ಅವರು ಪುಸ್ತಕ ಓದಿ ಕಲಿತವರಲ್ಲ.

ವಿಶ್ರಾಮಬಾಗಕ್ಕೂ ಆಕ್ಸ್‌ಫರ್ಡಿಗೂ

ನಮ್ಮೂರಿಗೂ ಆ ಆಕ್ಸ್‌ಫರ್ಡಿಗೂ ಒಂದು ನಂಟುಂಟು. ಕನ್ನಡದ ಕವಿ ವಿ. ಕೃ. ಗೋಕಾಕರು 1936ರಿಂದ 1938ರವರೆಗೆ ಆಕ್ಸ್‌ಫರ್ಡಿನಲ್ಲಿ ಇಂಗ್ಲಿಷ್ ಸಾಹಿತ್ಯ ಓದಿದರು. ಆಗ ಟೋಲ್ಕಿನ್ ಅಲ್ಲಿ ಹಳೆಯ ಇಂಗ್ಲಿಷಿನ ಪ್ರಾಧ್ಯಾಪಕರು. ಅವರ ಮೊದಲ ಕಥೆ ‘ದಿ ಹಾಬಿಟ್’ ಹೊರಬಂದದ್ದು 1937ರ ಸೆಪ್ಟೆಂಬರಿನಲ್ಲಿ. ಗೋಕಾಕರು 1938ರಲ್ಲಿ ಮರಳಿ ಬಂದು ಪ್ರಾಂಶುಪಾಲರಾದದ್ದು ನಮ್ಮ ವಿಶ್ರಾಮಬಾಗದ ವಿಲಿಂಗ್ಡನ್ ಕಾಲೇಜಿಗೆ. 1919ರಲ್ಲಿ ಆರಂಭವಾದ ಇದೇ ಕಾಲೇಜಿನಲ್ಲಿ ರಂ. ಶ್ರೀ. ಮುಗಳಿಯವರು ದಶಕಗಳ ಕಾಲ ಕನ್ನಡ ಕಲಿಸಿದರು. ಅವರ ‘ಕನ್ನಡ ಸಾಹಿತ್ಯ ಚರಿತ್ರೆ’ಗೆ 1956ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಗೋಕಾಕರು ಮುಂದೆ ‘ಭಾರತ ಸಿಂಧು ರಶ್ಮಿ’ ಎಂಬ ಮಹಾಕಾವ್ಯ ಬರೆದರು. 1990ರ ಸಾಲಿನ ಜ್ಞಾನಪೀಠ ಪ್ರಶಸ್ತಿ ಅವರದಾಯಿತು.

ಈ ಕಾಲದಲ್ಲಿ ಮಹಾಕಥೆ ಯಾರಿಗೆ ಬೇಕು ಎಂದು ಕೇಳುವವರಿಗೆ ಎರಡೂ ಕಡೆಯ ಉತ್ತರ ಒಂದೇ. ನಮ್ಮ ಸೀಮೆಯ ಹಿರಿಯರು ಕುಮಾರವ್ಯಾಸನ ಭಾರತದ ವಾಚನ ಕೇಳಿ, ಮರುದಿನ ಕಟ್ಟೆಯ ಮೇಲೆ ಕುಳಿತು, ಕರ್ಣ ಮಾಡಿದ್ದು ಸರಿಯೇ ತಪ್ಪೇ ಎಂದು ವಾದಿಸುತ್ತಿದ್ದರು. ಕಥೆ ಮುಗಿದ ಮೇಲೆ ನಡೆಯುವ ಆ ಮಾತೇ ಕಥೆಯ ಅರ್ಧ ಫಲ. ಟೋಲ್ಕಿನ್ ಓದುಗರು ಇಂದು ಮಾಡುತ್ತಿರುವುದೂ ಅದನ್ನೇ. ಇಂಗ್ಲೆಂಡಿನಲ್ಲಿ 1969ರಲ್ಲಿ ಹುಟ್ಟಿದ ಟೋಲ್ಕಿನ್ ಸೊಸೈಟಿ 2003ರಿಂದ ಪ್ರತಿ ಮಾರ್ಚ್ 25ನ್ನು ಟೋಲ್ಕಿನ್ ಓದಿನ ದಿನವಾಗಿ ಆಚರಿಸುತ್ತಿದೆ. ಬೇರೆ ಬೇರೆ ದೇಶಗಳಲ್ಲಿ ಓದುಗರು ಒಟ್ಟಾಗಿ ಕುಳಿತು ಗಟ್ಟಿಯಾಗಿ ಓದುತ್ತಾರೆ, ಚರ್ಚಿಸುತ್ತಾರೆ. ವರ್ಷಕ್ಕೊಂದು ವಿಷಯ: 2024ರಲ್ಲಿ ಸೇವೆ ಮತ್ತು ತ್ಯಾಗ, 2025ರಲ್ಲಿ ಒಡನಾಟ ಮತ್ತು ಸಮುದಾಯ.

ಮಾರ್ಚ್ 25 ಎಂದ ಕೂಡಲೇ ನಮಗೆ ನೆನಪಾಗುವುದು ಮಂಗಳವಾರ್ತೆಯ ಹಬ್ಬ. ಕಥೆಯಲ್ಲಿ ಕೇಡಿನ ಉಂಗುರ ನಾಶವಾಗುವುದು ಆ ದಿನವೇ. ಯೇಸುಸ್ವಾಮಿ ಶಿಲುಬೆಯಲ್ಲಿ ಪ್ರಾಣ ಬಿಟ್ಟದ್ದೂ ಆ ದಿನವೆಂದು ಹಳೆಯ ಕ್ರೈಸ್ತ ಸಂಪ್ರದಾಯವೊಂದು ಹೇಳುತ್ತದೆ. ಉಂಗುರವನ್ನು ಹೊತ್ತವರು ಪಯಣ ಹೊರಡುವುದು ಡಿಸೆಂಬರ್ 25ರಂದು. ಮಾತೆ ಮರಿಯಮ್ಮನವರ ಹೆಸರಾಗಲಿ ಯೇಸುವಿನ ಹೆಸರಾಗಲಿ ಪುಸ್ತಕದಲ್ಲಿ ಎಲ್ಲಿಯೂ ಇಲ್ಲ, ಗುಡಿಯಿಲ್ಲ, ಪೀಠವಿಲ್ಲ. ಆದರೂ ತಮ್ಮ ಕೃತಿ ಮೂಲತಃ ಕಥೋಲಿಕವಾದದ್ದು ಎಂದು ಟೋಲ್ಕಿನ್ 1953ರಲ್ಲಿ ಗೆಳೆಯರಾದ ಯೇಸುಸಭೆಯ ರಾಬರ್ಟ್ ಮರ್ರಿಯವರಿಗೆ ಬರೆದರು. ಮೊದಲು ತಮಗೆ ತಿಳಿಯದೆಯೇ ಹಾಗಾಯಿತು, ತಿದ್ದಿ ಬರೆಯುವಾಗ ತಿಳಿದೇ ಮಾಡಿದೆ ಎಂಬುದು ಅವರ ಮಾತಿನ ಸಾರ. ಹಾಲಿನಲ್ಲಿ ಕರಗಿದ ಸಕ್ಕರೆ ಕಣ್ಣಿಗೆ ಕಾಣುವುದಿಲ್ಲ, ನಾಲಿಗೆಗೆ ತಿಳಿಯುತ್ತದೆ.

ಕಥೆಯ ತಿರುಳು

ಕಥೆ ಗೊತ್ತಿಲ್ಲದವರಿಗಾಗಿ ಚಿಕ್ಕದಾಗಿ ಹೇಳುತ್ತೇವೆ. ಹಾಬಿಟ್ಟರು ಎಂದರೆ ಮೂರಡಿ ಎತ್ತರದ, ಹೊಲ ತೋಟ ಊಟಗಳಲ್ಲೇ ಸುಖ ಕಾಣುವ ಜನ. ಅವರಲ್ಲಿ ಬಿಲ್ಬೋ ಎಂಬಾತನಿಗೆ ಕತ್ತಲ ಗುಹೆಯೊಂದರಲ್ಲಿ ಉಂಗುರ ಸಿಗುತ್ತದೆ. ಧರಿಸಿದವನನ್ನು ಅದು ಅದೃಶ್ಯನನ್ನಾಗಿ ಮಾಡುತ್ತದೆ. ಜೊತೆಗೆ ಅವನ ಮನಸ್ಸನ್ನು ಮೆಲ್ಲಗೆ ತಿಂದುಹಾಕುತ್ತದೆ. ಅದನ್ನು ಬಹುಕಾಲ ಇಟ್ಟುಕೊಂಡು ಮೃಗದಂತಾದ ಪ್ರಾಣಿ ಗೊಲ್ಲಮ್. ಅವನು ಬಿಲ್ಬೋನ ದಾರಿಗೆ ಅಡ್ಡವಾಗಿ ಕುಳಿತಿದ್ದಾನೆ. ಬಿಲ್ಬೋನ ಕೈಯಲ್ಲಿ ಕತ್ತಿ ಇದೆ, ಅವನು ಯಾರ ಕಣ್ಣಿಗೂ ಕಾಣುತ್ತಿಲ್ಲ. ಒಂದು ಏಟಿಗೆ ಕೊಲ್ಲಬಹುದಿತ್ತು. ಆ ಪ್ರಾಣಿಯ ಒಂಟಿತನ, ಬೆಳಕಿಲ್ಲದ ಬದುಕು ನೆನೆದು ಅವನಿಗೆ ಕನಿಕರ ಬರುತ್ತದೆ. ಕೊಲ್ಲದೆ ಅವನ ತಲೆಯ ಮೇಲಿಂದ ಹಾರಿ ಪಾರಾಗುತ್ತಾನೆ.

ಇಲ್ಲೊಂದು ವಿಷಯ ಗಮನಿಸಬೇಕು. 1937ರ ಮೊದಲ ಮುದ್ರಣದಲ್ಲಿ ಈ ಕನಿಕರದ ಗಳಿಗೆ ಇರಲಿಲ್ಲ. 1951ರ ಪರಿಷ್ಕೃತ ಮುದ್ರಣದಲ್ಲಿ ಟೋಲ್ಕಿನ್ ಆ ಅಧ್ಯಾಯವನ್ನು ಬದಲಿಸಿ ಇದನ್ನು ಸೇರಿಸಿದರು. ಮುಂದಿನ ದೊಡ್ಡ ಕಥೆ ನಿಂತಿರುವುದು ಈ ಗಳಿಗೆಯ ಮೇಲೆ.

ಉಂಗುರ ಮುಂದೆ ಬಿಲ್ಬೋನ ಬಂಧು ಫ್ರೋಡೋನ ಕೈಗೆ ಬರುತ್ತದೆ. ಅದನ್ನು ಬೆಂಕಿಯ ಬೆಟ್ಟಕ್ಕೆ ಎಸೆದರೆ ಮಾತ್ರ ಲೋಕಕ್ಕೆ ಉಳಿವು. ತೋಟ ನೋಡಿಕೊಳ್ಳುವ ಸ್ಯಾಮ್ ಜೊತೆಗೆ ಹೊರಡುತ್ತಾನೆ. ದಾರಿಯಲ್ಲಿ ಗೊಲ್ಲಮ್ ಕೈಗೆ ಸಿಕ್ಕಾಗ ಫ್ರೋಡೋ ಕೂಡ ಅವನನ್ನು ಕೊಲ್ಲುವುದಿಲ್ಲ. ಹಸಿವು, ಗಾಯ, ಭಯಗಳನ್ನು ದಾಟಿ ಬೆಟ್ಟದ ಬಾಯಿಗೆ ಬಂದು ನಿಂತಾಗ ಏನಾಗುತ್ತದೆ? ಫ್ರೋಡೋ ಉಂಗುರವನ್ನು ಎಸೆಯುವುದಿಲ್ಲ. ಇದು ನನ್ನದು ಎಂದು ಬೆರಳಿಗೆ ಹಾಕಿಕೊಳ್ಳುತ್ತಾನೆ! ಆಗ ಗೊಲ್ಲಮ್ ಮೇಲೆ ಬಿದ್ದು, ಬೆರಳನ್ನೇ ಕಚ್ಚಿ ಉಂಗುರ ಕಿತ್ತುಕೊಂಡು, ಸಂತೋಷದಿಂದ ಕುಣಿಯುತ್ತ ಕಾಲು ಜಾರಿ ಬೆಂಕಿಗೆ ಬೀಳುತ್ತಾನೆ. ಉಂಗುರ ನಾಶವಾಗುತ್ತದೆ.

ಫ್ರೋಡೋ ದ್ರೋಹಿಯೇ?

ಓದುಗರ ಚರ್ಚೆ ಇಂದಿಗೂ ಮುಗಿಯದಿರುವುದು ಇಲ್ಲಿಯೇ. ಇಷ್ಟು ನಂಬಿದ ನಾಯಕ ಕೊನೆಗೆ ಸೋತನಲ್ಲ! ಪುಸ್ತಕ ಹೊರಬಂದ ದಿನಗಳಲ್ಲೇ ಓದುಗರೊಬ್ಬರು ಸಿಟ್ಟಿನ ಪತ್ರ ಬರೆದರು: ಫ್ರೋಡೋನನ್ನು ಸನ್ಮಾನಿಸುವ ಬದಲು ದ್ರೋಹಿಯೆಂದು ಮರಣದಂಡನೆಗೆ ಗುರಿಮಾಡಬೇಕಿತ್ತು ಎಂದು. ಆ ಪತ್ರದ ವಿಷಯವನ್ನು ಟೋಲ್ಕಿನ್ 1956ರ ತಮ್ಮ ಪತ್ರವೊಂದರಲ್ಲಿ ಹೇಳಿಕೊಂಡಿದ್ದಾರೆ.

ಟೋಲ್ಕಿನ್ ನೋಡಿದ ರೀತಿ ಬೇರೆ. ಫ್ರೋಡೋ ಸೋತದ್ದು ನಿಜ. ಆದರೆ ಅವನು ತನ್ನ ಶಕ್ತಿಯ ಕೊನೆಯ ಹನಿಯವರೆಗೂ ನಡೆದಿದ್ದ. ಅಲ್ಲಿಂದ ಮುಂದೆ ಯಾವ ಜೀವಿಯ ಬಲವೂ ಸಾಲದು. ಅಂಥ ಸೋಲು ನಿಂದೆಗೆ ಯೋಗ್ಯವಲ್ಲ. ಅವನನ್ನು ಉಳಿಸಿದ್ದು ಅವನೇ ಹಿಂದೆ ತೋರಿದ ಕರುಣೆ. ಗೊಲ್ಲಮ್‌ನನ್ನು ಕೊಂದಿದ್ದರೆ ಆ ದಿನ ಉಂಗುರ ಬೆಂಕಿಗೆ ಬೀಳುತ್ತಿರಲಿಲ್ಲ. ಕ್ಷಮಿಸಿದವನಿಗೆ ಕ್ಷಮೆ ದೊರೆಯಿತು. ಇದನ್ನು ವಿವರಿಸುವಾಗ ಟೋಲ್ಕಿನ್ ನೆನೆದದ್ದು ಯೇಸುಸ್ವಾಮಿ ಕಲಿಸಿದ ಪ್ರಾರ್ಥನೆಯನ್ನೇ. ನಾವು ದಿನವೂ ಜಪಸರದಲ್ಲಿ ಹೇಳುವ ಆ ಪ್ರಾರ್ಥನೆಯಲ್ಲಿ ಕ್ಷಮೆಯ ಬೇಡಿಕೆಯೂ ಶೋಧನೆಯಿಂದ ಪಾರಾಗುವ ಬೇಡಿಕೆಯೂ ಒಂದರ ಹಿಂದೆ ಒಂದು ಬರುತ್ತವೆ. ಆ ಎರಡರ ನಡುವಿನ ನಂಟನ್ನು ಇಷ್ಟು ಚೆನ್ನಾಗಿ ತೋರಿಸಿದ ಕಥೆ ಅಪರೂಪ.

1966ರಲ್ಲಿ ಪ್ರಕಟವಾದ ಇಂಗ್ಲಿಷಿನ ಜೆರೂಸಲೇಂ ಬೈಬಲಿಗೆ ಯೋನನ ಗ್ರಂಥವನ್ನು ಅನುವಾದಿಸುವ ಕೆಲಸದಲ್ಲಿ ಟೋಲ್ಕಿನ್ ಕೈಜೋಡಿಸಿದ್ದರು. ವೈರಿಗಳಾದ ನಿನೆವೆಯವರಿಗೆ ದೇವರು ಕರುಣೆ ತೋರಿದರೆಂದು ಮುನಿಸಿಕೊಂಡ ಪ್ರವಾದಿಯ ಕಥೆ ಅದು. ಆ ಸಿಟ್ಟಿನ ಪತ್ರ ಬರೆದ ಓದುಗರು ಯೋನನ ಪಕ್ಕದಲ್ಲೇ ಕುಳಿತಂತಿದೆ.

ನಮ್ಮ ಮನೆಗಳ ಮಾತು

ಇಂಗ್ಲೆಂಡಿನ ಕಥೆ ನಮಗೇಕೆ ಎನ್ನಬೇಡಿ. ಹತ್ತು ವರ್ಷ ಹಾಸಿಗೆ ಹಿಡಿದ ಅತ್ತೆಯ ಸೇವೆ ಮಾಡಿದ ಸೊಸೆ ಒಂದು ದಿನ ಸಹನೆ ತಪ್ಪಿ ಕೂಗಾಡಿಬಿಡುತ್ತಾಳೆ. ಹತ್ತು ವರ್ಷದ ಸೇವೆ ಯಾರಿಗೂ ನೆನಪಿರುವುದಿಲ್ಲ, ಆ ಒಂದು ದಿನದ ಕೂಗು ಎಲ್ಲರಿಗೂ ನೆನಪಿರುತ್ತದೆ. ಆಕೆಗೂ ಅದೇ ಚುಚ್ಚುತ್ತಿರುತ್ತದೆ. ಸಾಲ ಮಾಡಿ ತಮ್ಮಂದಿರನ್ನು ಓದಿಸಿದ ಅಣ್ಣ ಕೊನೆಗೆ ಜಮೀನಿನ ವಿಷಯದಲ್ಲಿ ಆಸೆಗೆ ಬಿದ್ದರೆ, ಅವನು ಹಿಂದೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ನಾವು ಎಷ್ಟು ಬೇಗ ತೀರ್ಪು ಕೊಡುತ್ತೇವೆ! ಫ್ರೋಡೋನ ಕಥೆ ಕೇಳುವುದು ಒಂದೇ ಪ್ರಶ್ನೆ: ಕೊನೆಯ ಹೆಜ್ಜೆಯಲ್ಲಿ ಎಡವಿದವನನ್ನು ನೋಡುವಾಗ ಅವನು ನಡೆದು ಬಂದ ದಾರಿಯನ್ನು ನೋಡುತ್ತೀರೋ ಇಲ್ಲವೋ?

ಇನ್ನು ಗೊಲ್ಲಮ್. ಅಂಥವನೊಬ್ಬನಿಲ್ಲದ ಮನೆತನ ವಿರಳ. ಕುಡಿತಕ್ಕೆ ಬಿದ್ದು ಎಲ್ಲ ಕಳೆದವನು, ಹತ್ತು ಸಲ ಮಾತು ಕೊಟ್ಟು ಹನ್ನೊಂದನೆಯ ಸಲ ತಪ್ಪಿದವನು. ಅವನ ಹೆಸರು ಹೇಳಲೂ ನಮಗೆ ನಾಚಿಕೆ. ಕಥೆಯಲ್ಲಿಯೂ ಗೊಲ್ಲಮ್ ಒಮ್ಮೆ ಒಳ್ಳೆಯವನಾಗುವ ಅಂಚಿಗೆ ಬರುತ್ತಾನೆ. ನಿದ್ದೆಯಲ್ಲಿರುವ ಫ್ರೋಡೋನನ್ನು ಪ್ರೀತಿಯಿಂದ ಮುಟ್ಟಲು ಕೈಚಾಚುತ್ತಾನೆ. ಅದೇ ಹೊತ್ತಿಗೆ ಎಚ್ಚೆತ್ತ ಸ್ಯಾಮ್ ಅನುಮಾನದಿಂದ ಒರಟು ಮಾತಾಡುತ್ತಾನೆ. ಆ ಗಳಿಗೆ ಕೈತಪ್ಪಿ ಹೋಗುತ್ತದೆ. ಸ್ಯಾಮ್ ಕೆಟ್ಟವನಲ್ಲ, ಕಥೆಯಲ್ಲಿ ಅವನಷ್ಟು ನಿಷ್ಠಾವಂತ ಇನ್ನೊಬ್ಬನಿಲ್ಲ. ಒಳ್ಳೆಯವರ ಒರಟು ಮಾತೂ ಒಬ್ಬನ ದಾರಿ ಮುಚ್ಚಬಲ್ಲದು ಎಂಬುದು ಮನೆ ನಡೆಸುವ ನಮಗೆಲ್ಲ ನಾಟಬೇಕಾದ ಪಾಠ.

ಕರುಣೆ ಎಂದರೆ ಕಣ್ಣು ಮುಚ್ಚಿಕೊಳ್ಳುವುದೆಂದು ಯಾರೂ ತಿಳಿಯಬಾರದು. ಫ್ರೋಡೋ ಗೊಲ್ಲಮ್‌ನಿಂದ ಆಣೆ ಮಾಡಿಸಿಕೊಳ್ಳುತ್ತಾನೆ, ಅವನ ಮೇಲೆ ಕಣ್ಣಿಡಲು ಸ್ಯಾಮ್ ಇದ್ದಾನೆ. ಕುಡಿದು ಹೊಡೆಯುವವನಿಂದ ಹೆಂಡತಿ ಮಕ್ಕಳನ್ನು ಕಾಪಾಡುವುದು ಮೊದಲ ಕೆಲಸ. ಅದಾದ ಮೇಲೂ ಅವನನ್ನು ಮನುಷ್ಯನೆಂದು ಕಾಣುವುದು, ಅವನಿಗಾಗಿ ಪ್ರಾರ್ಥಿಸುವುದು ಉಳಿದೇ ಇರುತ್ತದೆ. ಅದರ ಫಲ ಯಾವಾಗ, ಯಾವ ರೂಪದಲ್ಲಿ ಬರುತ್ತದೆಂಬುದು ದೇವರಿಗೆ ಬಿಟ್ಟದ್ದು.

ಮಕ್ಕಳೊಡನೆ ಕುಳಿತು ಮಾತಾಡೋಣ

ಒಂದು ಎಚ್ಚರಿಕೆ ಅಗತ್ಯ. ಫ್ರೋಡೋ ಎಂದರೆ ಯೇಸು, ಸ್ಯಾಮ್ ಎಂದರೆ ಪೇತ್ರ ಎಂದು ಕೂಡಿಸಿ ಕಳೆಯುವ ಲೆಕ್ಕಕ್ಕೆ ಹೋಗಬಾರದು. ಅಂಥ ಸಾಂಕೇತಿಕ ಕಥೆ ಬರೆಯುವುದು ತಮಗೆ ಇಷ್ಟವಿಲ್ಲವೆಂದು ಟೋಲ್ಕಿನ್ ಮುನ್ನುಡಿಯಲ್ಲೇ ಹೇಳಿದ್ದಾರೆ. ಕಥೆಯನ್ನು ಕಥೆಯಾಗಿಯೇ ಓದಬೇಕು, ಆಮೇಲೆ ಅದು ತಾನಾಗಿ ಮಾತಾಡುತ್ತದೆ. ಪಯಣಿಗರು ತಿನ್ನುವ ಎಲ್ವ್‌ಗಳ ರೊಟ್ಟಿ ಬೇರೆ ಆಹಾರ ಮುಗಿದಷ್ಟೂ ಹೆಚ್ಚು ಬಲ ಕೊಡುತ್ತದೆ ಎಂದು ಓದಿದ ಮಗು, ಪರಮಪ್ರಸಾದದ ಮಾತನ್ನು ತಾನೇ ಎತ್ತಿದರೆ ಅದರ ಬೆಲೆಯೇ ಬೇರೆ.

ಎಲ್ವ್‌ಗಳೆಂಬ ಆ ಜನಕ್ಕಾಗಿ ಟೋಲ್ಕಿನ್ ಒಂದು ಭಾಷೆಯನ್ನೇ ಕಟ್ಟಿದ್ದರು. ಪರಲೋಕ ಪ್ರಾರ್ಥನೆಯನ್ನೂ ನಮೋ ಮರಿಯವನ್ನೂ ಆ ಭಾಷೆಗೆ ಅನುವಾದಿಸಿದ್ದರು. ಕನ್ನಡದಲ್ಲಿ ಜಪಸರ ಹೇಳಿ, ಮರಾಠಿಯಲ್ಲಿ ಬಲಿಪೂಜೆ ಕೇಳುವ ಗಡಿಯ ಕುಟುಂಬಗಳಿಗೆ ಅವರ ಈ ಆಸೆ ಚೆನ್ನಾಗಿ ಅರ್ಥವಾಗುತ್ತದೆ.

ಜಗದ್ಗುರು ಫ್ರಾನ್ಸಿಸ್ ಅವರು 2024ರ ಜುಲೈಯಲ್ಲಿ ಸಾಹಿತ್ಯದ ಓದಿನ ಬಗ್ಗೆಯೇ ಒಂದು ಪತ್ರ ಬರೆದರು. ಯುವಕರಾಗಿದ್ದಾಗ ಅವರು ಅರ್ಜೆಂಟೀನಾದ ಶಾಲೆಯೊಂದರಲ್ಲಿ ಸಾಹಿತ್ಯದ ಮೇಷ್ಟ್ರು. ಕಥೆ ಕವನಗಳನ್ನು ಓದುವುದು ಇನ್ನೊಬ್ಬರ ಹೃದಯವನ್ನು ಅರಿಯುವ ಅಭ್ಯಾಸ, ಅದು ಗುರುಗಳಿಗೂ ವಿಶ್ವಾಸಿಗಳಿಗೂ ಬೇಕಾದದ್ದು ಎಂಬುದು ಅವರ ಕಿವಿಮಾತು.

ಈ ಸಲ ಮಂಗಳವಾರ್ತೆಯ ಹಬ್ಬದ ದಿನ ಸಂಜೆ ಜಪಸರ ಮುಗಿದ ಮೇಲೆ ಟಿ.ವಿ. ಹಾಕುವ ಮುನ್ನ ಮಕ್ಕಳನ್ನು ಕೂರಿಸಿಕೊಂಡು ಆ ಕಥೆಯನ್ನು ಕನ್ನಡದಲ್ಲಿ ಹೇಳಲು ಕೇಳೋಣ. ಇಂಗ್ಲಿಷಿನಲ್ಲಿ ಓದಿದ್ದನ್ನು ಅಜ್ಜಿಗೆ ತಿಳಿಯುವಂತೆ ಹೇಳುವುದು ಮಕ್ಕಳಿಗೂ ಒಳ್ಳೆಯ ಅಭ್ಯಾಸ. ಅಜ್ಜಿ ಕರ್ಣನ ಮಾತು ತೆಗೆದರೆ ಇನ್ನೂ ಒಳ್ಳೆಯದು. ಕೊನೆಗೆ ಎಲ್ಲರೂ ಯೋಚಿಸಬೇಕಾದ ಪ್ರಶ್ನೆ ಇದು: ನಮ್ಮ ಮನೆಯಲ್ಲಿ ನಾವು ಯಾರ ಮೇಲೆ ಕತ್ತಿ ಎತ್ತಿ ನಿಂತಿದ್ದೇವೆ? ಆ ಕತ್ತಿಯನ್ನು ಕೆಳಗಿಳಿಸುವ ವರಪ್ರಸಾದವನ್ನು ದೇವರು ನಮಗೆಲ್ಲ ಕರುಣಿಸಲಿ.