ನಡುವಿನ ಖಾಲಿ ಬಳೆ

ಅಡಾಪ್ಟರ್ ಎಂದ ಮೇಲೆ ಒಳಗೆ ಏನಾದರೂ ಕರಾಮತ್ತು ಇರಲೇಬೇಕು ಅನ್ನಿಸುತ್ತದೆ. ಇದನ್ನು ಬೆಳಕಿಗೆ ಹಿಡಿದು ನೋಡಿದರೆ ಆಚೆಯ ಗೋಡೆ ಕಾಣುತ್ತದೆ, ಅಷ್ಟೇ. ಗಾಜಿಲ್ಲ, ತಂತಿಯಿಲ್ಲ, ಮೋಟಾರಿಲ್ಲ. ಒಳಮೈಗೆ ಕಪ್ಪು ಬಳಿದ ಲೋಹದ ಬಳೆ. ಒಂದು ಬದಿಗೆ 42 ಮಿ.ಮೀ. ವ್ಯಾಸದ ತಿರುಪು, ಇನ್ನೊಂದು ಬದಿಗೆ ಇವತ್ತಿನ ಸೋನಿ ಕ್ಯಾಮೆರಾಕ್ಕೆ ಕಚ್ಚಿಕೊಳ್ಳುವ ಮೂರು ಹಲ್ಲು. ಇಷ್ಟು ಸಾಕು, 1970ರ ದಶಕದಲ್ಲಿ ಮಾಸ್ಕೋ ಪಕ್ಕದ ಕ್ರಾಸ್ನೊಗೋರ್ಸ್ಕ್‌ನಲ್ಲಿ ತಯಾರಾದ ಹೀಲಿಯೋಸ್ 44-2 ಲೆನ್ಸು ಜಪಾನಿ ಡಿಜಿಟಲ್ ಕ್ಯಾಮೆರಾದ ಮೇಲೆ ಕೂತು ಫೋಟೊ ತೆಗೆಯಲು.

ಬಳೆ ಖಾಲಿ ಇರುವುದಕ್ಕೆ ಕಾರಣವಿದೆ. ಲೆನ್ಸು ಕೂರುವ ಬಾಯಿಯಿಂದ ಫಿಲ್ಮು ಅಥವಾ ಸೆನ್ಸರಿನವರೆಗೆ ಇಷ್ಟೇ ದೂರ ಇರಬೇಕೆಂದು ಪ್ರತಿ ಕಂಪನಿಯೂ ಒಂದು ಅಳತೆ ಇಟ್ಟುಕೊಂಡಿರುತ್ತದೆ. ಹೀಲಿಯೋಸ್‌ನಂಥ ತಿರುಪಿನ ಲೆನ್ಸುಗಳಿಗೆ, ಅಂದರೆ ಎಂ42 ಜಾತಿಗೆ, ಅದು 45.46 ಮಿ.ಮೀ. ಹಳೆಯ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಆ ಜಾಗದಲ್ಲಿ ಕನ್ನಡಿ ಏಳಬೇಕು, ಬೀಳಬೇಕು. 2008ರಲ್ಲಿ ಪ್ಯಾನಸೋನಿಕ್ ಜಿ1 ಬಂದಾಗಿನಿಂದ ಕನ್ನಡಿಯೇ ಇಲ್ಲದ ಕ್ಯಾಮೆರಾಗಳು ಶುರುವಾದವು. ಸೋನಿಯ ಇ ಮೌಂಟಿನಲ್ಲಿ ಈ ದೂರ ಬರೀ 18 ಮಿ.ಮೀ. ಉಳಿದ 27.46 ಮಿ.ಮೀ. ಜಾಗವನ್ನು ತುಂಬಿಕೊಡುವುದೇ ಬಳೆಯ ಕೆಲಸ. ನಿಕಾನ್ ಡಿಎಸ್‌ಎಲ್‌ಆರ್‌ನಲ್ಲಿ ದೂರ 46.5 ಮಿ.ಮೀ. ಒಂದು ಮಿಲಿಮೀಟರ್ ಚಿಲ್ಲರೆ ಹೆಚ್ಚಾಗಿದ್ದಕ್ಕೇ ಅಲ್ಲಿ ಹೀಲಿಯೋಸ್ ಹಾಕಿದರೆ ಎದುರಿನ ಮುಖ ಸ್ಪಷ್ಟ, ದೂರದ ಬೆಟ್ಟ ಮಸುಕು. ಅದನ್ನು ಸರಿಪಡಿಸಲು ಗಾಜಿರುವ ಅಡಾಪ್ಟರ್ ಬೇಕು, ಆ ಗಾಜು ಚಿತ್ರವನ್ನು ಕೊಂಚ ಕೆಡಿಸುತ್ತದೆ. ಕನ್ನಡಿ ಹೋದದ್ದರಿಂದ ಕ್ಯಾಮೆರಾ ಸಣ್ಣದಾಯಿತೆಂದು ಕಂಪನಿಗಳು ಹೇಳಿಕೊಂಡವು. ನನ್ನ ಮಟ್ಟಿಗೆ ದೊಡ್ಡ ಸುದ್ದಿ ಬೇರೆ: ಜಗತ್ತಿನ ಅಷ್ಟೂ ಅನಾಥ ಲೆನ್ಸುಗಳಿಗೆ ಅದರಿಂದ ಮನೆ ಸಿಕ್ಕಿತು.

ಹೀಲಿಯೋಸ್‌ನ ಮೂಲ ಜರ್ಮನಿಯ ಯೇನಾದಲ್ಲಿದೆ. ಅಲ್ಲಿನ ಕಾರ್ಲ್ ಝೈಸ್ ಕಂಪನಿಯ ಬಯೊಟಾರ್ 58 ಮಿ.ಮೀ. ಲೆನ್ಸಿನ ವಿನ್ಯಾಸವೇ ಯುದ್ಧದ ನಂತರ ಸೋವಿಯತ್ ಕೈಗೆ ಬಂದು ಹೀಲಿಯೋಸ್ 44 ಆಯಿತು. ಝೆನಿತ್ ಕ್ಯಾಮೆರಾದ ಜೊತೆ ಅದು ಲಕ್ಷಗಟ್ಟಲೆ ತಯಾರಾಯಿತು. ಸೋವಿಯತ್ ಒಕ್ಕೂಟದೊಡನೆ ರೂಪಾಯಿಯಲ್ಲೇ ವ್ಯಾಪಾರ ನಡೆಯುತ್ತಿದ್ದ ದಿನಗಳಲ್ಲಿ ಝೆನಿತ್ ನಮ್ಮಲ್ಲಿಗೂ ಬಂತು. ಮೈಮೇಲಿನ ಸೀರಿಯಲ್ ನಂಬರಿನ ಮೊದಲ ಎರಡು ಅಂಕಿ ಸಾಮಾನ್ಯವಾಗಿ ಅದು ಹುಟ್ಟಿದ ವರ್ಷ. 75 ಎಂದಿದ್ದರೆ 1975.

ಇತಿಹಾಸ ಇಷ್ಟು ಸಾಕು. ನಾನು ಹೋಗಿದ್ದು ಶಿವಮೊಗ್ಗ ಕಡೆಯ ಒಬ್ಬ ಹಿರಿಯ ರಿಪೇರಿಗಾರರನ್ನು ನೋಡಲು. ಪೇಪರಿನಲ್ಲಿ ಹೆಸರು ಬೇಡ ಎಂದರು. ಹೆಸರು ಬಂದರೆ ಕೆಲಸ ಜಾಸ್ತಿಯಾಗುತ್ತದಂತೆ. ಮಲೆನಾಡಿನ ಮಳೆಗಾಲವೇ ಅವರ ಅನ್ನದಾತ. ನಾಲ್ಕು ತಿಂಗಳು ಬೀರುವಿನಲ್ಲಿ ಚರ್ಮದ ಕೇಸಿನೊಳಗೆ ಮಲಗಿದ ಲೆನ್ಸಿಗೆ ಫಂಗಸ್ ಹಿಡಿಯದೆ ಇರುವುದಿಲ್ಲ. "ಚರ್ಮದ ಚೀಲ ಬಿಸಾಡಿ ಅಂತ ಹೇಳಿದ್ರೆ ಯಾರೂ ಕೇಳಲ್ಲ ಮಾರಾಯ್ರೆ. ಚೀಲ ಚೆಂದ ಇದೆಯಲ್ಲ!" ಬೇಗ ತಂದರೆ ಒರೆಸಿದಾಗ ಹೋಗುತ್ತದೆ. ತಡವಾದರೆ ಗಾಜಿನ ಲೇಪನವನ್ನೇ ತಿಂದು ಜೇಡರ ಬಲೆಯ ಗೀರು ಉಳಿಸುತ್ತದೆ.

ಅವರು ಹೀಲಿಯೋಸ್ ಬಿಚ್ಚುವುದನ್ನು ನೋಡಬೇಕು. ಫೋಕಸ್ ಮಾಡುವಾಗ ಮುಂದೆ ಹಿಂದೆ ಸರಿಯುವ ಭಾಗಕ್ಕೆ ಹೆಲಿಕಾಯ್ಡ್ ಎನ್ನುತ್ತಾರೆ, ಒಂದರೊಳಗೊಂದು ಸುತ್ತುವ ತಿರುಪುಗಳು. ಐವತ್ತು ವರ್ಷದ ಹಳೆಯ ಗ್ರೀಸು ಅಂಟಾಗಿ, ರಿಂಗು ತಿರುಗುವುದೇ ಇಲ್ಲ. ಪೆಟ್ರೋಲಿನಲ್ಲಿ ತೊಳೆದು, ಹೊಸ ಗ್ರೀಸನ್ನು ಕಡ್ಡಿಯ ತುದಿಯಲ್ಲಿ ಸವರುತ್ತಾರೆ. ಹೆಚ್ಚಾದರೆ ಅದು ಬೆಳಕಿನ ಕಿಂಡಿಯನ್ನು ಕಿರಿದು ಮಾಡುವ ಅಪರ್ಚರಿನ ಎಂಟು ಎಸಳುಗಳಿಗೆ ಹರಿದು ಅಂಟುತ್ತದೆ. ಎಲ್ಲಕ್ಕಿಂತ ಮುಖ್ಯ, ತಿರುಪು ಬಿಚ್ಚಿಕೊಳ್ಳುವ ಆ ಕ್ಷಣ. ಎರಡೂ ಭಾಗ ಕಳಚುವ ಜಾಗದಲ್ಲಿ ಸೂಜಿಯಿಂದ ಗೀರು ಹಾಕುತ್ತಾರೆ. ತಿರುಪಿಗೆ ಹಲವು ಪ್ರವೇಶಗಳಿವೆ, ಎಲ್ಲವೂ ಹೊಂದುತ್ತವೆ, ಸರಿಯಾದದ್ದು ಒಂದೇ. ತಪ್ಪು ಪ್ರವೇಶದಲ್ಲಿ ಜೋಡಿಸಿದರೂ ಲೆನ್ಸು ಸರಾಗವಾಗಿ ತಿರುಗುತ್ತದೆ, ಆದರೆ ಬೆಟ್ಟ ಫೋಕಸ್‌ಗೆ ಸಿಗುವುದಿಲ್ಲ. ವಿಡಿಯೊ ನೋಡಿ ಮನೆಯಲ್ಲೇ ಬಿಚ್ಚಿದ ಹುಡುಗರು ಪ್ಲಾಸ್ಟಿಕ್ ಡಬ್ಬಿಯಲ್ಲಿ ಬಿಡಿಭಾಗ ತರುತ್ತಾರೆ. ಇವರು ಬೈಯುವುದಿಲ್ಲ. "ಗೀರು ಹಾಕಿದ್ರಾ?" ಎಂದಷ್ಟೇ ಕೇಳುತ್ತಾರೆ.

ಬಳಸುವುದು ಕಷ್ಟವಲ್ಲ. ಲೆನ್ಸು ಕ್ಯಾಮೆರಾದೊಡನೆ ಮಾತಾಡುವುದಿಲ್ಲವಾದ್ದರಿಂದ, ಲೆನ್ಸ್ ಇಲ್ಲದೆಯೂ ಶಟರ್ ಬೀಳಲಿ ಎಂದು ಮೆನುವಿನಲ್ಲಿ ಹೇಳಬೇಕು. ಕ್ಯಾಮೆರಾದೊಳಗೇ ನಡುಕ ತಡೆಯುವ ವ್ಯವಸ್ಥೆ ಇದ್ದರೆ ಲೆನ್ಸಿನ ಫೋಕಲ್ ಲೆಂತ್ 58 ಎಂದು ಕೈಯಾರೆ ಬರೆಯಬೇಕು. ಹೀಲಿಯೋಸ್‌ನ ಎರಡು ಅಪರ್ಚರ್ ರಿಂಗುಗಳು ಹೊಸಬರನ್ನು ಗೊಂದಲಕ್ಕೆ ತಳ್ಳುತ್ತವೆ: ಒಂದರಲ್ಲಿ ಬೇಕಾದ ಅಂಕಿ ನಿಲ್ಲಿಸುವುದು, ಇನ್ನೊಂದನ್ನು ಅಲ್ಲಿಯವರೆಗೆ ಮುಚ್ಚುವುದು. ಕನ್ನಡಿ ಕ್ಯಾಮೆರಾದಲ್ಲಿ ಅಪರ್ಚರ್ ಮುಚ್ಚಿದರೆ ನೋಟ ಕತ್ತಲಾಗುತ್ತಿತ್ತು, ಅದಕ್ಕೇ ಈ ಏರ್ಪಾಡು. ಇವತ್ತಿನ ಪರದೆ ತಾನೇ ಬೆಳಕು ಹೆಚ್ಚಿಸಿಕೊಳ್ಳುತ್ತದೆ. ಫೋಕಸ್ ಆದ ಅಂಚುಗಳಿಗೆ ಬಣ್ಣ ಹಚ್ಚಿಯೂ ತೋರಿಸುತ್ತದೆ, ಆದರೂ ಎಫ್2ರಲ್ಲಿ, ಅಂದರೆ ಅಪರ್ಚರ್ ಪೂರ್ತಿ ತೆರೆದಾಗ, ಅದನ್ನು ನಂಬದೆ ಚಿತ್ರ ಹಿಗ್ಗಿಸಿ ಕಣ್ಣಿನ ರೆಪ್ಪೆ ನೋಡಿಯೇ ಒತ್ತುವುದು ವಾಸಿ.

ಇಷ್ಟೆಲ್ಲ ಪಡಿಪಾಟಲು ಯಾಕೆ? ಹಿಂದಿನ ಎಲೆಗಳಿಗಾಗಿ. ಮರದ ಮುಂದೆ ಯಾರನ್ನಾದರೂ ನಿಲ್ಲಿಸಿ, ಅಪರ್ಚರ್ ಪೂರ್ತಿ ತೆರೆದು ತೆಗೆದರೆ ಹಿಂದಿನ ಬೆಳಕಿನ ಚುಕ್ಕಿಗಳು ಸುಳಿಯಾಗಿ ಸುತ್ತುತ್ತವೆ. ಲೆನ್ಸಿನ ಅಂಚಿನಲ್ಲಿ ಬೆಳಕು ಕತ್ತರಿಸಿಹೋಗಿ ದುಂಡು ಚುಕ್ಕಿ ಬಾದಾಮಿಯಾಕಾರ ತಳೆಯುವುದರಿಂದ ಹಾಗಾಗುತ್ತದೆ. ಲೆಕ್ಕದ ಪ್ರಕಾರ ಇದು ದೋಷ. ಫುಲ್‌ಫ್ರೇಮ್ ಸೆನ್ಸರಿನಲ್ಲಿ ಚೆನ್ನಾಗಿ ಕಾಣುತ್ತದೆ. ಸಣ್ಣ ಸೆನ್ಸರು ಅಂಚನ್ನು ಬಿಟ್ಟುಬಿಡುವುದರಿಂದ ಅಲ್ಲಿ ಸುಳಿ ಸಪ್ಪೆ. 2022ರ 'ದಿ ಬ್ಯಾಟ್‌ಮನ್' ಚಿತ್ರಕ್ಕೆ ಛಾಯಾಗ್ರಾಹಕ ಗ್ರೇಗ್ ಫ್ರೇಸರ್ ಹೀಲಿಯೋಸ್ ಬಳಸಿದ್ದೂ ಈ ದೋಷದ ಆಸೆಗೇ ಇರಬೇಕು.

ಮುಚ್ಚಿದ ಸ್ಟುಡಿಯೊಗಳ ಬೀರುಗಳಲ್ಲಿ ಇಂಥವು ಇನ್ನೂ ಇವೆ. ಕ್ಯಾಮೆರಾ ಕೆಟ್ಟಿದೆ ಎಂದು ಲೆನ್ಸನ್ನೂ ಗುಜರಿಗೆ ಹಾಕುವವರಿದ್ದಾರೆ. ಹಾಕುವ ಮುನ್ನ ಯಾರಿಗಾದರೂ ತೋರಿಸಿ. ತೋರಿಸಲು ಬಿಚ್ಚಬಲ್ಲವರು ಬೇಕಲ್ಲ ಎನ್ನುವುದು ಇನ್ನೊಂದು ಮಾತು. ರಿಪೇರಿಗಾರರ ಮಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಕಲಿಯಲು ಬಂದ ಒಂದಿಬ್ಬರು ಮದುವೆ ಫೋಟೊಗ್ರಫಿಗೆ ಹೋದರು, ಅದರಲ್ಲಿ ದುಡ್ಡಿದೆ. ರಿಪೇರಿಗಾರರ ಕಣ್ಣಿಗೂ ಈಗ ಪೊರೆ ಬಂದಿದೆ. "ಇನ್ನು ನನಗೂ ಬೇರೆ ಕಂಪನಿ ಲೆನ್ಸು, ಅಡಾಪ್ಟರ್ ಬೇಡವಂತೆ" ಎಂದು ನಕ್ಕರು. ಬಾಕಿ ಇರುವ ಹೆಲಿಕಾಯ್ಡ್ ಕೆಲಸಗಳಿಗೆಲ್ಲ ದೀಪಾವಳಿ ಕಳೆದು ಬನ್ನಿ ಎಂದು ಹೇಳಿ ಕಳಿಸಿದ್ದಾರೆ.