ಮೆಳ್ಳಗಣ್ಣು ಅದೃಷ್ಟವಲ್ಲ

"ಮೆಳ್ಳಗಣ್ಣು ಇದ್ರೆ ಅದೃಷ್ಟ, ಬಿಡ್ರಿ." ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ತೊಟ್ಟಿಲ ಸುತ್ತ ಕೂತವರ ಬಾಯಿಂದ ಈ ಮಾತು ಸಲೀಸಾಗಿ ಬರುತ್ತದೆ. ಹೇಳುವವರಲ್ಲಿ ಇರುವುದು ಅಕ್ಕರೆಯೇ. ಆದರೂ ಈ ಮಾತನ್ನು ನಂಬಿ ಕೂತರೆ ಮಗು ಒಂದು ಕಣ್ಣಿನ ದೃಷ್ಟಿಯನ್ನೇ ಕಳೆದುಕೊಳ್ಳಬಹುದು.

ಹುಟ್ಟಿದ ಮೂರು-ನಾಲ್ಕು ತಿಂಗಳು ಕೂಸಿನ ಕಣ್ಣುಗುಡ್ಡೆ ಆಗಾಗ ಅತ್ತಿತ್ತ ಸರಿಯುವುದು ಸಹಜ. ಆಮೇಲೂ ಸರಿಯುತ್ತಿದ್ದರೆ ಕಣ್ಣಿನ ವೈದ್ಯರಿಗೆ ತೋರಿಸಲೇಬೇಕು. ನೋಡುವುದು ಕಣ್ಣೊಂದರ ಕೆಲಸವಲ್ಲ. ಮಾತು ಕಲಿತ ಹಾಗೆ ನೋಟವನ್ನೂ ಮಿದುಳು ಕಲಿಯಬೇಕು. ಎರಡು ಕಣ್ಣು ಎರಡು ದಿಕ್ಕಿಗೆ ತಿರುಗಿದ್ದರೆ ಮಿದುಳಿಗೆ ಗೊಂದಲ. ಅದನ್ನು ತಪ್ಪಿಸಿಕೊಳ್ಳಲು ಅದು ಒಂದು ಕಣ್ಣು ಕಳಿಸುವ ಚಿತ್ರವನ್ನು ಕೈಬಿಡುತ್ತದೆ. ಹೀಗೆ ವರ್ಷಗಟ್ಟಲೆ ಕೈಬಿಟ್ಟ ಕಣ್ಣು ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ, ದೃಷ್ಟಿ ಮಾತ್ರ ಬೆಳೆದಿರುವುದಿಲ್ಲ. ವೈದ್ಯರು 'ಸೋಮಾರಿ ಕಣ್ಣು' ಅನ್ನುವುದು ಇದಕ್ಕೇ. ಏಳೆಂಟು ವರ್ಷದೊಳಗೆ ಚಿಕಿತ್ಸೆ ಹಿಡಿದರೆ ಫಲ ಚೆನ್ನಾಗಿ ಸಿಗುತ್ತದೆ, ದಿನ ಕಳೆದಷ್ಟೂ ಅದು ಕಡಿಮೆಯಾಗುತ್ತ ಹೋಗುತ್ತದೆ. "ದೊಡ್ಡೋನಾದ ಮ್ಯಾಲೆ ತಾನೇ ಸರಿ ಹೋಗ್ತದೆ" ಎಂದು ಕಾಯುವುದು ಅದಕ್ಕೇ ಅಪಾಯ.

ಎರಡು ಕಣ್ಣಿನ ನಂಬರು ಬೇರೆ ಬೇರೆ ಇದ್ದರೂ ಇದೇ ಆಗುತ್ತದೆ. ಆಗ ಮೆಳ್ಳಗಣ್ಣಿನ ಗುರುತೂ ಇರುವುದಿಲ್ಲ. "ಕಾಣ್ಲಿಲ್ಲ ಅಂದ್ರೆ ಮಗುನೇ ಹೇಳ್ತಿತ್ತಲ್ಲ?" ಎಂದು ಕೇಳುತ್ತಾರೆ. ಹೇಳುವುದಿಲ್ಲ. ಹುಟ್ಟಿದಾಗಿನಿಂದ ಮಸುಕು ಕಂಡ ಮಗುವಿಗೆ ಲೋಕವೇ ಮಸುಕು, ಸ್ಪಷ್ಟ ಅಂದರೆ ಏನೆಂದು ಅದಕ್ಕೆ ಯಾರು ತೋರಿಸಿದ್ದಾರೆ? ಮನೆಯಲ್ಲೇ ಒಂದು ಸಣ್ಣ ಪರೀಕ್ಷೆ ಮಾಡಿ ನೋಡಬಹುದು. ಕೂಸು ಆಟದ ಸಾಮಾನು ನೋಡುತ್ತಿರುವಾಗ ಅದರ ಒಂದು ಕಣ್ಣಿಗೆ ಅಂಗೈ ಅಡ್ಡ ಹಿಡಿಯಿರಿ. ಸುಮ್ಮನಿದೆಯೇ? ಈಗ ಇನ್ನೊಂದು ಕಣ್ಣಿಗೆ ಹಿಡಿಯಿರಿ. ಕೊಸರಾಡಿ, ಅತ್ತು, ನಿಮ್ಮ ಕೈ ತಳ್ಳಿತೇ? ಹಾಗಾದರೆ ಮೊದಲು ಮುಚ್ಚಿದ ಕಣ್ಣನ್ನು ಅದು ಬಳಸುತ್ತಿಲ್ಲದಿರಬಹುದು. ಈ ಪರೀಕ್ಷೆಯಲ್ಲಿ ಏನೂ ಕಾಣದಿದ್ದರೂ ಶಾಲೆಗೆ ಸೇರುವ ಮುಂಚೆ ಒಮ್ಮೆ ವೈದ್ಯರಿಂದ ನೋಡಿಸುವುದು ಬೇಕೇ ಬೇಕು.

ಸೋಮಾರಿ ಕಣ್ಣಿಗೆ ಮೊದಲು ಕನ್ನಡಕ ಕೊಡುತ್ತಾರೆ. ಬೇಕಾದರೆ ಚೆನ್ನಾಗಿ ಕಾಣುವ ಕಣ್ಣಿಗೆ ಪಟ್ಟಿ ಅಂಟಿಸಿ, ಸೋಮಾರಿ ಕಣ್ಣಿಗೆ ದುಡಿಮೆ ಹಚ್ಚುತ್ತಾರೆ. ಎಷ್ಟೋ ಮಕ್ಕಳಿಗೆ ದಿನಕ್ಕೆ ಎರಡು ತಾಸು ಸಾಕಾಗುತ್ತದೆ. ಆ ಹೊತ್ತಿನಲ್ಲಿ ಹತ್ತಿರದ ಕೆಲಸ ಕೊಡಿ: ಶೇಂಗಾ ಆರಿಸುವುದು, ಚಿತ್ರಕ್ಕೆ ಬಣ್ಣ ತುಂಬುವುದು, ಹಡಗಲಿ ಕಡೆಯವರಾದರೆ ಅಜ್ಜಿಯ ಪಕ್ಕ ಕೂತು ಮಲ್ಲಿಗೆ ಮೊಗ್ಗು ಜೋಡಿಸುವುದು. ಕಷ್ಟವಿರುವುದು ತಿಂಗಳುಗಟ್ಟಲೆ ಬಿಡದೆ ಮಾಡಿಸುವುದರಲ್ಲಿ. ಅಪ್ಪ-ಅಮ್ಮ ಕಬ್ಬು ಕಡಿಯಲು, ಕಾಫಿ ತೋಟಕ್ಕೆ ದುಡಿಯಲು ಗುಳೆ ಹೋದರೆ ಪಟ್ಟಿ ಹಾಕುವವರು ಯಾರು? ಹೊರಡುವ ಮುಂಚೆ ಆ ಕೆಲಸವನ್ನು ಅಜ್ಜಿಗೋ ಅಂಗನವಾಡಿ ಅಕ್ಕನಿಗೋ ಕಲಿಸಿ ಹೋಗಬೇಕು. ಇದನ್ನು ನಾನು ಕೈಮುಗಿದು ಕೇಳುತ್ತೇನೆ.

ಕನ್ನಡಕ ಹಾಕಿದರೆ ನಂಬರು ಏರುತ್ತದೆಂಬ ಭಯವೂ ಸುಳ್ಳು. ಮಗು ಬೆಳೆದಂತೆ ಕಣ್ಣುಗುಡ್ಡೆಯೂ ಉದ್ದವಾಗುವುದರಿಂದ ನಂಬರು ಏರುತ್ತದೆ, ಅದಕ್ಕೆ ಕನ್ನಡಕ ಕಾರಣವಲ್ಲ. ದಿನಕ್ಕೆ ಎರಡು ತಾಸು ಬಯಲಲ್ಲಿ ಆಡುವ ಮಕ್ಕಳಿಗೆ ದೂರದ್ದು ಕಾಣದ ದೋಷ ಬರುವ ಸಂಭವ ಕಡಿಮೆ. ಹೆಣ್ಣುಮಗುವಿಗೆ ಕನ್ನಡಕ ಹಾಕಿದರೆ ಗಂಡು ಸಿಗುವುದಿಲ್ಲವೆಂದು ಅದನ್ನು ಪೆಟ್ಟಿಗೆಯಲ್ಲಿಡುವ ಮನೆಗಳಿವೆ. ಆ ಹುಡುಗಿಗೆ ಕರಿಹಲಗೆ ಓದಲು ಬಾರದಂತೆ ಮಾಡಿ ನಾವು ಗಳಿಸಿದ್ದೇನು?

ಇನ್ನು ಮನೆಮದ್ದು. ಬಳ್ಳಾರಿ ಜಾಲಿ ಬೆಳೆದ ಈ ನೆಲದಲ್ಲಿ ಮಕ್ಕಳ ಕಣ್ಣಿಗೆ ಮುಳ್ಳು ಚುಚ್ಚುವುದು ಅಪರೂಪವಲ್ಲ. ಕೂಡಲೇ ಎದೆಹಾಲು ಹಿಂಡುತ್ತಾರೆ, ನಂದಿಬಟ್ಟಲ ರಸ ಬಿಡುತ್ತಾರೆ, ಕಸ ಬಿದ್ದರೆ ನಾಲಿಗೆಯಿಂದ ತೆಗೆಯುತ್ತಾರೆ. ಗಿಡದ ಮುಳ್ಳು, ಸಿಬಿರಿನಿಂದ ಆದ ಗಾಯದಲ್ಲಿ ಶಿಲೀಂಧ್ರ ಬೆಳೆಯಬಹುದು. ಹಾಲು, ಎಂಜಲು ಅದರ ಮೇಲೆ ಹೊಸ ಸೋಂಕು ತರುತ್ತವೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಸ್ಟೀರಾಯ್ಡ್ ಹನಿ ಹಾಕಿದರಂತೂ ಶಿಲೀಂಧ್ರಕ್ಕೆ ದಾರಿ ಬಿಟ್ಟಂತೆ. ಕೊನೆಗೆ ಕರಿಗುಡ್ಡೆಯ ಮೇಲೆ ಬಿಳಿ ಹೂ ಉಳಿಯುತ್ತದೆ. ಕಣ್ಣು ದೊಡ್ಡದಾಗಲೆಂದು ಹಚ್ಚುವ ಕಾಡಿಗೆಯಿಂದ ಕಣ್ಣು ದೊಡ್ಡದಾಗುವುದಿಲ್ಲ, ಕೆಲವು ಕಾಡಿಗೆಯಲ್ಲಿ ಸೀಸವಿರುತ್ತದೆ.

ಎಲ್ಲಕ್ಕಿಂತ ನನಗೆ ಹೆದರಿಕೆ ಸುಣ್ಣದ್ದು. ಎಲೆ-ಅಡಿಕೆ ಚೀಲದ ಪ್ಲಾಸ್ಟಿಕ್ ಸುಣ್ಣದ ಪೊಟ್ಟಣ ಮಗುವಿನ ಕೈಗೆ ಸಿಕ್ಕರೆ ಅದು ಒತ್ತಿಯೇ ಒತ್ತುತ್ತದೆ. ಪಟ್ಟೆಂದು ಒಡೆದು ಸುಣ್ಣ ಕಣ್ಣಿಗೆ ಸಿಡಿಯುತ್ತದೆ. ಸುಣ್ಣಕ್ಕೆ ನೀರು ತಾಗಿದರೆ ಕುದಿಯುತ್ತದೆ ಎಂದು ಅಂಜಬೇಡಿ, ಎಲೆಗೆ ಹಚ್ಚುವ ಸುಣ್ಣ ಆಗಲೇ ನೀರು ಕುಡಿದು ತಣಿದದ್ದು. ರೆಪ್ಪೆ ಬಿಡಿಸಿ ಹಿಡಿದು ಅರ್ಧ ತಾಸು ಶುದ್ಧ ನೀರು ಹರಿಸಿ, ರೆಪ್ಪೆಯೊಳಗೆ ಸಿಕ್ಕಿಕೊಂಡ ಚೂರು ಹೊರಬರಲಿ. ಆಮೇಲೆ ಆಸ್ಪತ್ರೆ. ಮೊದಲು ಬಸ್ಸು ಹಿಡಿದರೆ ದಾರಿಯುದ್ದಕ್ಕೂ ಸುಣ್ಣ ಕಣ್ಣನ್ನು ಸುಡುತ್ತಲೇ ಇರುತ್ತದೆ.

ಕತ್ತಲಾದ ಮೇಲೆ ಮಗು ತಡವರಿಸುವುದನ್ನು ಕಂಡು ದೇವರಿಗೆ ಹರಕೆ ಹೊರುವವರಿದ್ದಾರೆ. ಇರುಳುಗಣ್ಣು ಹೆಚ್ಚಾಗಿ ಎ ಜೀವಸತ್ವದ ಕೊರತೆ. 9 ತಿಂಗಳಿಗೆ ಶುರುವಾಗಿ 5 ವರ್ಷದವರೆಗೆ ಆರು ತಿಂಗಳಿಗೊಮ್ಮೆ ಕುಡಿಸುವ 9 ಡೋಸು ತಪ್ಪಿಸಬೇಡಿ. ಹಿತ್ತಲ ನುಗ್ಗೆಸೊಪ್ಪನ್ನೂ ಮರೆಯಬೇಡಿ.

ದಿನ ತುಂಬುವ ಮೊದಲೇ ಹುಟ್ಟಿದ, 2 ಕೆಜಿಗಿಂತ ಕಡಿಮೆ ತೂಕದ ಕೂಸಿನ ಕಣ್ಣಿನ ಹಿಂಪರದೆಯನ್ನು 30 ದಿನದೊಳಗೆ ನೋಡಿಸಬೇಕು. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಶುರು ಮಾಡಿದ 'ಕಿಡ್ರಾಪ್' ಯೋಜನೆ ಕ್ಯಾಮೆರಾವನ್ನು ಜಿಲ್ಲೆಗಳ ನವಜಾತ ಶಿಶು ಘಟಕಗಳಿಗೇ ಒಯ್ದು ಈ ತಪಾಸಣೆ ಮಾಡಿ ತೋರಿಸಿತು. ದೊಡ್ಡ ಮಕ್ಕಳಿಗೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ 2013ರಿಂದ ಅಂಗನವಾಡಿ, ಶಾಲೆಗಳಿಗೇ ಬರುತ್ತಿದೆ. ಅವರು ಬರುವ ದಿನ ಮಗುವನ್ನು ಮನೆಯಲ್ಲಿ ಉಳಿಸಬೇಡಿ.

ಕೊನೆಯದು, ಅತಿ ಅವಸರದ್ದು. ಮೊಬೈಲ್ ಫ್ಲ್ಯಾಶಿನ ಫೋಟೋದಲ್ಲಿ ಮಗುವಿನ ಪಾಪೆ ಬೆಕ್ಕಿನ ಕಣ್ಣಿನ ಹಾಗೆ ಬೆಳ್ಳಗೆ ಹೊಳೆದರೆ "ಚೆಂದ ಐತಿ" ಎಂದು ನಕ್ಕು ಬಿಡಬೇಡಿ. ಅದು ಹುಟ್ಟಿನಿಂದ ಬಂದ ಪೊರೆಯಿರಬಹುದು, ಕಣ್ಣಿನ ಕ್ಯಾನ್ಸರ್ ಕೂಡ ಇರಬಹುದು. ಬೇಗ ಸಿಕ್ಕರೆ ಆ ಕ್ಯಾನ್ಸರಿನಿಂದ ಜೀವ ಉಳಿಸಬಹುದು, ಎಷ್ಟೋ ಸಲ ಕಣ್ಣನ್ನೂ. ಬಿತ್ತನೆ ಮುಗಿಯಲಿ, ಕೊಟ್ಟೂರು ತೇರು ಮುಗಿಯಲಿ ಎನ್ನುವಂತಿಲ್ಲ. ಬಿಳುಪು ಕಂಡ ದಿನವೇ ಹೊರಡಿ.