ಅಕ್ಕಿ ರೊಟ್ಟಿ ಹಂಚಿದ ಆಮೆ

ಸಿದ್ದಾಪುರದಲ್ಲಿ ಮಡಿಕೇರಿ ಬಸ್ಸು ತಪ್ಪಿತೆಂದರೆ ನಾನು ಕೂರುವುದು ಒಂದೇ ಕಡೆ, ಅಲ್ಲಿನ ಒಂದು ಜೀನಸು ಅಂಗಡಿಯ ಬೆಂಚಿನ ಮೇಲೆ. ಕಳೆದ ತಿಂಗಳು ಹಾಗೆ ಕೂತಾಗ ಸಾಹುಕಾರರ ಮುಖ ಸಪ್ಪಗಿತ್ತು.

"ಅಕ್ಕಿ ಇಡೋದನ್ನೇ ಬಿಡೋಣ ಅಂತಿದ್ದೇನೆ ಮಾರಾಯ್ರೆ. ಮೂಟೆಗಳಿಗೆ ಅರ್ಧ ಅಂಗಡಿ ಬೇಕು. ಗಲ್ಲಾಕ್ಕೆ ಬರೋದು ಮಾತ್ರ ಇಷ್ಟೇ" ಎಂದು ಬೆರಳ ತುದಿ ತೋರಿಸಿದರು.

ಇಷ್ಟೇ ಅಂದರೆ ಎಷ್ಟು? ಒಂದು ವಾರದ ಲೆಕ್ಕವನ್ನು ಚೀಟಿಯಲ್ಲಿ ಬರೆಸಿಕೊಂಡು ಬಂದೆ. ನಿಜವಾದ ಅಂಕಿ ಪೇಪರಿನಲ್ಲಿ ಹಾಕಬೇಡಿ ಅಂದಿದ್ದಾರೆ. ಆದ್ದರಿಂದ ಇಲ್ಲಿರುವುದು ಕೂಡಿ ಕಳೆಯಲು ಸುಲಭವಾಗಲೆಂದು ನಾನೇ ಇಟ್ಟ ಅಂಕಿ. ಗಲ್ಲಾಕ್ಕೆ ಬಂದದ್ದು 30,000 ರೂಪಾಯಿ, ಅದರಲ್ಲಿ ಅಕ್ಕಿಯದು 6,000 ಅಂತ ಇಟ್ಟುಕೊಳ್ಳಿ.

ರೊಟ್ಟಿಗೆ 360 ಡಿಗ್ರಿ

ಮನೆಯಲ್ಲಿ ಅಕ್ಕನ ಮಗಳು ಎಂಟನೇ ಕ್ಲಾಸು. ಚೀಟಿ ನೋಡಿ, "ಪೈ ಚಾರ್ಟ್ ಹಾಕಿ ಮಾವ, ಕಣ್ಣಿಗೇ ಕಾಣ್ತದೆ" ಅಂದಳು.

ಪಿ.ಯು.ಸಿ. ಅರ್ಧಕ್ಕೆ ಬಿಟ್ಟವನಿಗೆ ಪೈ ಅಂದರೆ ಹಳೇ ಕಾಸಿನ ನೆನಪು. ಇದು ಆ ಪೈ ಅಲ್ಲ. ಇಂಗ್ಲಿಷರ ದುಂಡನೆಯ ಒಂದು ತಿಂಡಿಯ ಹೆಸರು. ನಾವು ಅಕ್ಕಿ ರೊಟ್ಟಿ ಅಂದುಕೊಂಡರಾಯಿತು. 1801ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ಎಂಬಾತ, ತುರ್ಕಿ ಸಾಮ್ರಾಜ್ಯದ ನೆಲ ಏಷ್ಯದಲ್ಲೆಷ್ಟು, ಯೂರೋಪಿನಲ್ಲೆಷ್ಟು, ಆಫ್ರಿಕದಲ್ಲೆಷ್ಟು ಅನ್ನುವುದನ್ನು ಹೀಗೆ ರೊಟ್ಟಿ ಹಂಚಿದಂತೆ ಬರೆದು ಅಚ್ಚು ಹಾಕಿಸಿದ. ಲೆಕ್ಕ ಇಷ್ಟೇ: ಇಡೀ ರೊಟ್ಟಿಗೆ 360 ಡಿಗ್ರಿ. ಪಾಲನ್ನು ಒಟ್ಟಿನಿಂದ ಭಾಗಿಸಿ 360ರಿಂದ ಗುಣಿಸಿದರೆ ಆ ತುಂಡಿನ ಕೋನ ಬರುತ್ತದೆ.

ಚಿತ್ರ ಬರೆಯಲು ಹುಡುಗಿ ಗಣಕಯಂತ್ರದಲ್ಲಿ ಲೋಗೋ ತೆರೆದಳು. ಮಕ್ಕಳು ಕಲಿಯಲೆಂದೇ 1967ರಲ್ಲಿ ಅಮೆರಿಕದಲ್ಲಿ ಸೀಮೋರ್ ಪೇಪರ್ಟ್, ಸಿಂಥಿಯಾ ಸಾಲೊಮನ್ ಮೊದಲಾದವರು ಕಟ್ಟಿದ ಗಣಕ ಭಾಷೆ ಇದು. ಪರದೆಯ ನಡುವೆ ಒಂದು ಸಣ್ಣ ತ್ರಿಕೋನ. ಅದಕ್ಕೆ ಆಮೆ ಅಂತ ಹೆಸರು. 'ಫಾರ್ವರ್ಡ್ 100' ಅಂತ ಬರೆದರೆ ಗೆರೆ ಎಳೆಯುತ್ತ ನೂರು ಹೆಜ್ಜೆ ಮುಂದೆ ಹೋಗುತ್ತದೆ. 'ಬ್ಯಾಕ್ 100' ಅಂದರೆ ವಾಪಸು. 'ರೈಟ್ 72' ಅಂದರೆ ನಿಂತಲ್ಲೇ ಬಲಕ್ಕೆ 72 ಡಿಗ್ರಿ ತಿರುಗುತ್ತದೆ. 'ಆರ್ಕ್ 360 100' ಅಂದರೆ ಸುತ್ತ ದುಂಡನೆಯ ಗೆರೆ ಬೀಳುತ್ತದೆ. ರೊಟ್ಟಿ ಕತ್ತರಿಸಲು ಇಷ್ಟು ಸಾಕು. ನಡುವಿನಿಂದ ಅಂಚಿಗೆ ಹೋಗು, ವಾಪಸು ಬಾ, ಕೋನದಷ್ಟು ತಿರುಗು, ಮತ್ತೆ ಅದೇ.

ಕೇರಳ ಒಳಗೆ ಬಂತು

ಕೈ ಪಳಗಲೆಂದು ಮೊದಲು ಕಾಫಿ ಲೆಕ್ಕ ಹಿಡಿದೆವು. ದೇಶದಲ್ಲಿ ಬೆಳೆಯುವ ಕಾಫಿಯಲ್ಲಿ ಕರ್ನಾಟಕದ್ದು ಸುಮಾರು ನೂರಕ್ಕೆ 70, ಕೇರಳದ್ದು 20, ತಮಿಳುನಾಡಿನದು 5, ಉಳಿದವರೆಲ್ಲರದು 5. ನಾನು ಕೊಡಗಿನವನಲ್ಲವೇ? ದೇಶದ ಕಾಫಿಯಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ನಮ್ಮ ಜಿಲ್ಲೆಯದು ಅನ್ನುವ ಜಂಬದಲ್ಲಿ ಕರ್ನಾಟಕದ ಪಕ್ಕ ಕೊಡಗಿಗೂ ಒಂದು ತುಂಡು ಇಟ್ಟೆ.

ಕರ್ನಾಟಕಕ್ಕೆ 252 ಡಿಗ್ರಿ, ಕೊಡಗಿಗೆ 120. ಅಲ್ಲಿಗೇ 372! ಆಮೆ ಒಂದು ಸುತ್ತು ಮುಗಿಸಿ 12 ಡಿಗ್ರಿ ಮುಂದೆ ಹೋಗಿತ್ತು. ಆಮೇಲೆ ಕೇರಳಕ್ಕೆ 72, ತಮಿಳುನಾಡಿಗೆ 18, ಉಳಿದವರಿಗೆ 18. ಅಷ್ಟೂ ಬೇಲಿ ಬಿದ್ದದ್ದು ಕರ್ನಾಟಕದ ತುಂಡಿನೊಳಗೇ!

ತಮಾಷೆ ಏನೆಂದರೆ, ಆಮೆ ತಪ್ಪು ಅನ್ನಲಿಲ್ಲ. ಹೇಳಿದಷ್ಟೂ ತಿರುಗಿ ಸುಮ್ಮನೆ ನಿಂತಿತು. "ಕೊಡಗು ಕರ್ನಾಟಕದೊಳಗೇ ಉಂಟಲ್ಲ ಮಾವ, ಎರಡು ಸಲ ಎಣಿಸಿದ್ದೀರಿ" ಎಂದು ಹುಡುಗಿ ನಕ್ಕಳು. 1956ಕ್ಕೆ ಮೊದಲು ಕೊಡಗು ಬೇರೆ ರಾಜ್ಯವಾಗಿತ್ತು ಎಂದು ವಾದಿಸಿ ನೋಡಿದೆ. ಒಪ್ಪಲಿಲ್ಲ.

ಸಾಲದ ಪುಸ್ತಕ

ಇನ್ನು ಅಂಗಡಿ ಲೆಕ್ಕ. 30,000ಕ್ಕೆ 6,000 ಅಂದರೆ ಐದನೇ ಒಂದು ಪಾಲು, 72 ಡಿಗ್ರಿ. ತೆಳ್ಳನೆಯ ತುಂಡು. ಸಾಹುಕಾರರ ಮಾತೇ ಸರಿ ಅನ್ನಿಸಿತು. ಆದರೆ ಒಮ್ಮೆ ಏಟು ತಿಂದ ಮೇಲೆ ಅನುಮಾನ ಬಿಡುವುದಿಲ್ಲ. ಅಲ್ಲಿ ಎರಡು ಸಲ ಎಣಿಸಿದ್ದೆ. ಇಲ್ಲಿ ಎಣಿಸದೆ ಬಿಟ್ಟದ್ದು ಏನಾದರೂ ಉಂಟೋ?

ಮುಂದಿನ ವಾರ ಬೆಂಚಿನ ಮೇಲೆ ಕೂತು ಕೇಳಿದೆ. ಉಂಟು! ತೋಟದ ಕೆಲಸದವರು ಅಕ್ಕಿಯನ್ನು ಪುಸ್ತಕದಲ್ಲಿ ಬರೆಸಿ ಒಯ್ಯುತ್ತಾರೆ, ಬಟವಾಡೆ ಆದ ಮೇಲೆ ತಂದು ಕೊಡುತ್ತಾರೆ. ಆ ದುಡ್ಡನ್ನು ಸಾಹುಕಾರರು ಗಲ್ಲಾಕ್ಕೆ ಹಾಕುವುದೇ ಇಲ್ಲ. ಸೀದಾ ಅಕ್ಕಿ ಮಂಡಿಗೆ ಕಟ್ಟುತ್ತಾರೆ. ಗಲ್ಲಾದ ಕಣ್ಣಿಗೆ ಅದು ವ್ಯಾಪಾರವೇ ಅಲ್ಲ.

ಸಾಲದ ಪುಸ್ತಕದಲ್ಲಿ ವಾರಕ್ಕೆ 10,000, ಎಲ್ಲವೂ ಅಕ್ಕಿಯದೇ ಅಂತಿಟ್ಟುಕೊಳ್ಳಿ. ಆಗ ಒಟ್ಟು 40,000, ಅಕ್ಕಿ 16,000. ಕೋನ 144 ಡಿಗ್ರಿ, ಮೊದಲಿನದರ ಸರೀ ಎರಡರಷ್ಟು. ಆಮೆ ಅದೇ, ಭಾಷೆ ಅದೇ. ಬದಲಾದದ್ದು 'ರೈಟ್' ಮುಂದಿನ ಅಂಕಿ ಮಾತ್ರ.

ಎರಡೂ ಚಿತ್ರಗಳನ್ನು ಗಲ್ಲಾದ ಮೇಲೆ ಇಟ್ಟೆ. ಸಾಹುಕಾರರು ತುಂಬ ಹೊತ್ತು ನೋಡಿ, "ಮೂಟೆ ಅಲ್ಲೇ ಇರಲಿ ಬಿಡಿ" ಅಂದರು. ಬೇಡವೆಂದು ಬಿಟ್ಟಿದ್ದರೆ ಬಟವಾಡೆಗೆ ಮೊದಲಿನ ದಿನಗಳಲ್ಲಿ ಆ ಲೈನುಮನೆಗಳ ಒಲೆಯ ಗತಿ ಏನಾಗುತ್ತಿತ್ತೋ!

ಆದ್ದರಿಂದ ಅಂಗಡಿ ಮಾಲೀಕರೇ, ಬಸ್ಸಿನಲ್ಲಿ ಪೇಪರು ಓದುವ ಮಹನೀಯರೇ, ಚುನಾವಣೆ ಇರಲಿ, ಬಜೆಟ್ಟಿರಲಿ, ದುಂಡನೆಯ ಚಿತ್ರ ಕಂಡರೆ ಬಣ್ಣ ನೋಡುವ ಮೊದಲು ಎರಡು ಪ್ರಶ್ನೆ ಕೇಳಿ. ಎರಡು ಸಲ ಎಣಿಸಿದ್ದು ಯಾವುದು? ಎಣಿಸದೆ ಬಿಟ್ಟದ್ದು ಯಾವುದು? ಆಮೆಗೆ ಹೇಳಿದಷ್ಟು ತಿರುಗುವುದು ಮಾತ್ರ ಗೊತ್ತು. ಒಟ್ಟು ಕೂಡುವ ಕೆಲಸ ನಮ್ಮದೇ.

ಏಳುವಾಗ ಸಾಹುಕಾರರು ಕೂಗಿದರು: "ಇದು ವ್ಯಾಪಾರದ ರೊಟ್ಟಿ ಆಯ್ತು. ಲಾಭದ್ದೊಂದು ಬರೆಸಿ ಕೊಡ್ತೀರಾ?" ಅಷ್ಟರಲ್ಲಿ ಬಸ್ಸು ಬಂತು.